ಬಾಣಗಂಗೆಯ ಮೀನು ಮತ್ತು ಒಂದು ಯೂನಿಟ್ ವಿದ್ಯುತ್ತಿನ ಆಮ್ಲಜನಕ

ಮುಂಬಯಿಯ ವಾಲ್ಕೇಶ್ವರದಲ್ಲಿರುವ ಬಾಣಗಂಗಾ ಕೆರೆಯಲ್ಲಿ ಪಕ್ಷಮಾಸ ಮುಗಿಯುವ ಹೊತ್ತಿಗೆ ಮೀನುಗಳು ಸತ್ತು ತೇಲಿದ್ದು ಹಲವು ವರ್ಷ ವರದಿಯಾಗಿದೆ. ನೀರಿಗೆ ಬಿಟ್ಟ ಪಿಂಡ, ಅನ್ನ, ಹಿಟ್ಟು ಕೊಳೆಯುವಾಗ ಬ್ಯಾಕ್ಟೀರಿಯಾಗಳು ಕರಗಿದ ಆಮ್ಲಜನಕವನ್ನು ಹೀರಿಬಿಡುತ್ತವೆ. ರಾತ್ರಿ ಪಾಚಿಯೂ ಉಸಿರಾಡುವುದರಿಂದ ಬೆಳಗಿನ ಜಾವಕ್ಕೆ ಕೊರತೆ ತೀರಾ ಹೆಚ್ಚುತ್ತದೆ. ಮೀನುಗಳು ಮೇಲೆ ಬಂದು ಬಾಯಿ ಕಳೆಯುವುದು ಆಗಲೇ. ಇಂಥ ಕೆರೆಗಳಿಗೆ ಮೊದಲು ಹೊಳೆಯುವ ಪರಿಹಾರ ಕಾರಂಜಿ. ಅದು ಎಷ್ಟು ವಿದ್ಯುತ್ತಿಗೆ ಎಷ್ಟು ಆಮ್ಲಜನಕ ಕೊಡುತ್ತದೆಂದು ಕೇಳುವವರು ಕಡಿಮೆ.

ಲೆಕ್ಕ ಹಾಕೋಣ. ಸಾವಿರ ಲೀಟರ್ ನೀರನ್ನು ಎರಡು ಮೀಟರ್ ಎತ್ತರಕ್ಕೆ ಚಿಮ್ಮಿಸಲು, ಪಂಪಿನ ದಕ್ಷತೆ ಶೇ. 60 ಎಂದಿಟ್ಟುಕೊಂಡರೆ, ಸುಮಾರು 0.009 ಯೂನಿಟ್ ಬೇಕು. ಲೀಟರಿಗೆ 3 ಮಿಲಿಗ್ರಾಂ ಇದ್ದ ಆಮ್ಲಜನಕ ಅದರಿಂದ 6ಕ್ಕೆ ಏರಿತೆನ್ನಿ. ಸಿಕ್ಕಿದ್ದು 3 ಗ್ರಾಂ. ಅಂದರೆ ಒಂದು ಯೂನಿಟ್ಟಿಗೆ 330 ಗ್ರಾಂ. ನೀರಿನ ತಳದಿಂದ ಗಾಳಿಯನ್ನು ಸೂಕ್ಷ್ಮ ಗುಳ್ಳೆಗಳಾಗಿ ಬಿಡುವ ಡಿಫ್ಯೂಸರುಗಳು ಶುದ್ಧ ನೀರಿನ ಪರೀಕ್ಷೆಯಲ್ಲಿ ಯೂನಿಟ್ಟಿಗೆ 3 ಕಿಲೋ ಮೀರುವುದುಂಟು. ಗುಳ್ಳೆಯ ವ್ಯಾಸ ಅರ್ಧವಾದರೆ ಅಷ್ಟೇ ಗಾಳಿಗೆ ಎರಡರಷ್ಟು ಮೇಲ್ಮೈ ದಕ್ಕುತ್ತದೆ; ಗುಳ್ಳೆ ನಿಧಾನವಾಗಿ ಏರುವುದರಿಂದ ಕರಗಲು ಸಮಯವೂ ಸಿಗುತ್ತದೆ. ಆದರೆ ಕೆರೆ ಆಳವಿಲ್ಲದಿದ್ದರೆ ಗುಳ್ಳೆ ಬೇಗ ಮೇಲೆ ಬಂದು ಒಡೆಯುತ್ತದೆ. ಸಾಬೂನು ಬೆರೆತ ನೀರಿನಲ್ಲಂತೂ ಕರಗುವ ಪ್ರಮಾಣ ಬಹಳ ಇಳಿಯುತ್ತದೆ. ಹಾಗಾಗಿ ಶುದ್ಧ ನೀರಿನ ಅಂಕಿಯನ್ನು ನಂಬಿ ಯಂತ್ರ ಕೊಳ್ಳಬಾರದು.

ಯಂತ್ರಕ್ಕಿಂತ ಮುಖ್ಯವಾದದ್ದು ಅದನ್ನು ನಡೆಸುವ ಹೊತ್ತು. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರು ಹಿಡಿದಿಡಬಲ್ಲ ಆಮ್ಲಜನಕ ಲೀಟರಿಗೆ ಸುಮಾರು 7.5 ಮಿಲಿಗ್ರಾಂ. ಕೊರತೆ ಎಷ್ಟಿದೆಯೋ ಅಷ್ಟು ವೇಗವಾಗಿ ಆಮ್ಲಜನಕ ಕರಗುತ್ತದೆ. ನೀರಿನಲ್ಲಿ 3 ಮಿಲಿಗ್ರಾಂ ಇದ್ದಾಗ ಕೊರತೆ 4.5, 6 ಇದ್ದಾಗ 1.5 ಮಾತ್ರ. ಅದೇ ಯಂತ್ರ, ಅದೇ ವಿದ್ಯುತ್ತು, ಫಲ ಮೂರು ಪಟ್ಟು. ಪಾಚಿಯೇ ಆಮ್ಲಜನಕ ತುಂಬುವ ನಡುಮಧ್ಯಾಹ್ನದಲ್ಲಿ ಕಾರಂಜಿ ಹಾರಿಸುವುದು ಬರೀ ನೋಟಕ್ಕೆ.

ಇದೇ ಸೂತ್ರ ನಗರದ ಮಟ್ಟದಲ್ಲಿ ದೊಡ್ಡ ಮೊತ್ತವಾಗುತ್ತದೆ. ದಿನಕ್ಕೆ ಒಟ್ಟು 246.4 ಕೋಟಿ ಲೀಟರ್ ಸಾಮರ್ಥ್ಯದ ಏಳು ಕೊಳಚೆ ಸಂಸ್ಕರಣಾ ಘಟಕಗಳಿಗೆ 2023ರ ಜನವರಿಯಲ್ಲಿ ಮುಂಬಯಿಯಲ್ಲಿ ಶಂಕುಸ್ಥಾಪನೆ ನಡೆಯಿತು. ತೊಟ್ಟಿಗೆ ಗಾಳಿ ಊದಿ ಸೂಕ್ಷ್ಮಜೀವಿಗಳಿಂದ ಕೊಳೆ ಕರಗಿಸುವ ಸಕ್ರಿಯ ಕೆಸರು ವಿಧಾನದ ಘಟಕಗಳಲ್ಲಿ ವಿದ್ಯುತ್ತಿನ ಅರ್ಧದಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು, ಗಾಳಿ ಊದಲಿಕ್ಕೇ ಹೋಗುತ್ತದೆ. ತೊಟ್ಟಿಯ ನೀರಿನ ಆಮ್ಲಜನಕದ ಮಟ್ಟವನ್ನು ಲೀಟರಿಗೆ 4ರ ಬದಲು 2 ಮಿಲಿಗ್ರಾಂನಲ್ಲಿ ಕಾಯ್ದುಕೊಂಡರೆ ಬ್ಲೋವರಿನ ಪ್ರತಿ ಯೂನಿಟ್ ಒಂದೂವರೆ ಪಟ್ಟು ಕೆಲಸ ಮಾಡುತ್ತದೆ. ಇದಕ್ಕೆ ಸಂವೇದಕ ಬೇಕು, ಅದನ್ನು ಆಗಾಗ ಒರೆಸಿ ಸರಿನೋಡುವ ಕೈಯೂ ಬೇಕು.

ಊದುವುದನ್ನೇ ಬಿಟ್ಟ ದಾರಿಯೂ ಇದೇ ಊರಿನದು. ಪವಾಯಿಯ ಐಐಟಿಯಲ್ಲಿ ಪ್ರೊ. ಎಚ್. ಎಸ್. ಶಂಕರ್ ಅವರು ರೂಪಿಸಿದ ಮಣ್ಣಿನ ಜೈವಿಕ ತಂತ್ರಜ್ಞಾನದಲ್ಲಿ ಕೊಳಚೆ ನೀರು ಮಣ್ಣು, ಎರೆಹುಳು, ಸೂಕ್ಷ್ಮಜೀವಿ, ಗಿಡಗಳ ಹಾಸಿನ ಮೂಲಕ ಇಳಿಯುತ್ತದೆ. ಗಾಳಿ ತಾನೇ ಒಳಹೊಗುತ್ತದೆ. ವಿದ್ಯುತ್ತು ಪಂಪಿಗಷ್ಟೇ ಸಾಕು. ಹೆಚ್ಚು ಬೇಕಾದದ್ದು ಜಾಗ, ಮುಂಬಯಿಯಲ್ಲಿ ಅದೇ ದುಬಾರಿ. ಅಂಗಳವುಳ್ಳ ಹೌಸಿಂಗ್ ಸೊಸೈಟಿಗಳಿಗೆ ಇದು ಒಪ್ಪುತ್ತದೆಂಬುದು ನನ್ನ ಅಭಿಪ್ರಾಯ.

ಬಾಣಗಂಗೆಯ ಲೆಕ್ಕ ಮಾತ್ರ ಬೇರೆ ಕಡೆಯಿಂದ ಶುರುವಾಗಬೇಕು. ಒಂದು ಕಿಲೋ ಪಿಷ್ಟ ಪೂರ್ತಿ ಕೊಳೆಯಲು ಸುಮಾರು 1.2 ಕಿಲೋ ಆಮ್ಲಜನಕ ಬೇಕು. ಲೀಟರಿಗೆ 6 ಮಿಲಿಗ್ರಾಂ ಇರುವ 2 ಲಕ್ಷ ಲೀಟರ್ ನೀರಿನ ಆಮ್ಲಜನಕವೆಲ್ಲ ಅದಕ್ಕೇ ಸರಿ. ಅಷ್ಟನ್ನು ಕಾರಂಜಿಯಿಂದ ಮರಳಿ ತುಂಬಲು ಮೂರೂವರೆ ಯೂನಿಟ್ ಬೇಕು. ಮೆಟ್ಟಿಲ ಬಳಿ ಪಿಂಡಕ್ಕೆಂದು ಬೇರೆ ಪಾತ್ರೆ ಇಟ್ಟರೆ ಒಂದು ಯೂನಿಟ್ಟೂ ಬೇಡ. ಆಮೇಲೂ ಉಳಿದ ಕೊರತೆಗೆ ಪಕ್ಷಮಾಸದ ರಾತ್ರಿಗಳಲ್ಲಿ, ನಡುರಾತ್ರಿ ಕಳೆದ ಮೇಲೆ ಸೂರ್ಯೋದಯದವರೆಗೆ, ಕೆರೆಯ ಆಳವಾದ ಭಾಗದಲ್ಲಿ ಡಿಫ್ಯೂಸರ್ ನಡೆಸಿದರೆ ಸಾಕಾಗಬಹುದು.