ವಾಣಿಯಾ, ಬನಿಯನ್, ಬಣಜಿಗ

ಅಂಗಿಯ ಒಳಗೆ ತೊಡುವ ಬನಿಯನ್ನಿಗೂ, ಇಂಗ್ಲಿಷಿನಲ್ಲಿ ‘ಬನ್ಯನ್’ ಎನ್ನುವ ಆಲದ ಮರಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧ ಉಂಟು, ಅದೂ ನಾವು ನೆಲೆಸಿರುವ ಗುಜರಾತಿನ ಮೂಲಕವೇ. ಎರಡೂ ಹುಟ್ಟಿದ್ದು ನಮ್ಮ ನೆರೆಹೊರೆಯವರ ‘ವಾಣಿಯಾ’ ಎಂಬ ಶಬ್ದದಿಂದ.

ವಾಣಿಯಾ ಎಂದರೆ ವ್ಯಾಪಾರಿ. ಸಂಸ್ಕೃತದ ‘ವಣಿಜ್’ ಇದರ ಮೂಲ. ಪೋರ್ಚುಗೀಸರ ಬಾಯಲ್ಲಿ ಅದು ‘ಬನಿಯಾನ್’ ಆಯಿತು. ಇಂಗ್ಲಿಷರು ಅದನ್ನೇ ಎತ್ತಿಕೊಂಡರು. 1613ರಲ್ಲಿ ಸೂರತ್ತಿನಲ್ಲಿ ಕೋಠಿ ಸ್ಥಾಪಿಸಿದ ಮೇಲೆ ಅವರ ಪತ್ರ, ಪ್ರವಾಸಕಥನಗಳಲ್ಲೆಲ್ಲ ಈ ಶಬ್ದವೇ. ಆ ಕೋಠಿಯ ಪಾದ್ರಿ ಹೆನ್ರಿ ಲಾರ್ಡ್ 1630ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನಾಲ್ಕೂ ವರ್ಣಗಳನ್ನು ‘ಬನಿಯನ್ ಪಂಥ’ದೊಳಗೇ ಸೇರಿಸಿಬಿಟ್ಟ! ಎದುರಿಗೆ ಕಂಡ ವರ್ತಕನ ಹೆಸರು ಇಡೀ ಸಮಾಜದ ಹೆಸರಾಯಿತು.

ಮರದ ಕಥೆ ಇನ್ನೂ ಸ್ವಾರಸ್ಯ. ಪರ್ಷಿಯದ ಬಂದರ್ ಅಬ್ಬಾಸಿನ ಬಳಿ ಒಂದು ಆಲದ ಮರವಿತ್ತು. ಅದರ ನೆರಳಲ್ಲಿ ಗುಜರಾತಿ ವರ್ತಕರು ಪೂಜೆ ನಡೆಸುತ್ತಿದ್ದರು. ಯುರೋಪಿಯನ್ನರು ಅದನ್ನು ‘ಬನಿಯನರ ಮರ’ ಎಂದರು. ಕ್ರಮೇಣ ಆ ಜಾತಿಯ ಮರಗಳಿಗೆಲ್ಲ ಅದೇ ಹೆಸರು. ಆ ಮರವನ್ನು ವರ್ಣಿಸಿದ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಸೂರತ್, ಅಹಮದಾಬಾದ್ ನೋಡಿಕೊಂಡು, ಅದೇ ವರ್ಷ ನಮ್ಮ ಇಕ್ಕೇರಿಗೂ ಹೋಗಿ ವೆಂಕಟಪ್ಪ ನಾಯಕನ ಆಸ್ಥಾನವನ್ನು ಕಂಡವನು. 1667ರಲ್ಲಿ ಪ್ರಕಟವಾದ ‘ಪ್ಯಾರಡೈಸ್ ಲಾಸ್ಟ್’ ಕಾವ್ಯದಲ್ಲಿ ಮಿಲ್ಟನ್ ಇದೇ ಮರವನ್ನು ಮಲಬಾರ್, ದಖ್ಖನ್‌ಗಳ ಅಂಜೂರವೆಂದು ವರ್ಣಿಸುತ್ತಾನೆ, ‘ಬನ್ಯನ್’ ಎನ್ನುವುದಿಲ್ಲ. 1753ರಲ್ಲಿ ಲಿನೇಯಸ್ ಇಟ್ಟ ವೈಜ್ಞಾನಿಕ ಹೆಸರು ‘ಫೈಕಸ್ ಬೆಂಗಾಲೆನ್ಸಿಸ್’, ಅಂದರೆ ಬಂಗಾಳದ್ದು! ಭರೂಚ್ ಬಳಿ ನರ್ಮದೆಯ ನಡುಗಡ್ಡೆಯ ಕಬೀರವಡಕ್ಕೂ, ಬೆಂಗಳೂರಿನ ಹತ್ತಿರ ಕೇತೋಹಳ್ಳಿಯ ದೊಡ್ಡ ಆಲದ ಮರಕ್ಕೂ ಈ ಹೆಸರುಗಳ ಗೊಡವೆಯಿಲ್ಲ. ವಟವೃಕ್ಷದ ಹೆಸರನ್ನು ವಡೋದರಾ ನಗರ ತನ್ನ ಹೆಸರಿನಲ್ಲೇ ಇಟ್ಟುಕೊಂಡಿದೆ.

ಇಂಗ್ಲಿಷ್ ನೌಕಾಪಡೆಯಲ್ಲಿ ಮಾಂಸವಿಲ್ಲದ ಊಟದ ದಿನ ‘ಬನ್ಯನ್ ದಿನ’ವಾಯಿತು, ವಾಣಿಯಾಗಳ ಸಸ್ಯಾಹಾರವೇ ಕಾರಣ. ಹದಿನೆಂಟನೆಯ ಶತಮಾನದಲ್ಲಿ ಇಂಗ್ಲಿಷ್ ಗೃಹಸ್ಥರು ಮನೆಯಲ್ಲಿ ತೊಡುತ್ತಿದ್ದ ಸಡಿಲ ನಿಲುವಂಗಿಯೂ ‘ಬನ್ಯನ್’. ಮುಂದೆ ಆ ಹೆಸರು ಒಳ ಅಂಗಿಗೆ ಇಳಿದು, ಕನ್ನಡಿಗರ ಮನೆಯ ಹಗ್ಗದ ಮೇಲೂ ಒಣಗತೊಡಗಿತು.

ಆದರೆ ಅದೇ ‘ವಣಿಜ್’ ಇಂಗ್ಲಿಷರ ಹಡಗು ಹತ್ತುವ ಶತಮಾನಗಳ ಮುಂಚೆಯೇ ಕನ್ನಡಕ್ಕೆ ಬಂದಿತ್ತು. ಬಣಜಿಗ, ಬಣಂಜು ಎಂಬ ನಮ್ಮ ಶಬ್ದಗಳು ಇದರ ಸೋದರರು. ಐಹೊಳೆಯ ಐನೂರ್ವರು ತಮ್ಮ ಶಾಸನಗಳಲ್ಲಿ ವೀರ ಬಣಂಜು ಧರ್ಮದ ಪಾಲಕರೆಂದು ಹೇಳಿಕೊಂಡಿದ್ದಾರೆ. ಅಲ್ಲಿ ಹೆಸರು ಅನ್ಯರು ಅಂಟಿಸಿದ್ದಲ್ಲ, ತಾವೇ ಅಭಿಮಾನದಿಂದ ಧರಿಸಿದ್ದು.

ಈ ವ್ಯತ್ಯಾಸ ನಮಗೆ ಮುಖ್ಯ. ದಕ್ಷಿಣದಿಂದ ಬಂದವರನ್ನೆಲ್ಲ ‘ಮದ್ರಾಸಿ’ ಎಂದು ಕರೆಯುವ ರೂಢಿ ನಾವೆಲ್ಲ ಬಲ್ಲದ್ದೇ. ಕರೆಯುವವರಲ್ಲಿ ದ್ವೇಷವಿಲ್ಲ, ತಿಳುವಳಿಕೆ ಸಾಲದು ಅಷ್ಟೆ. ಹೆನ್ರಿ ಲಾರ್ಡನಿಗೂ ಹಾಗೆಯೇ ಆಗಿತ್ತು. ತಿದ್ದದೆ ಬಿಟ್ಟರೆ ಅಂಥ ಹೆಸರು ಮುನ್ನೂರು ವರ್ಷ ಉಳಿಯಬಲ್ಲದು. ಇಲ್ಲಿಯೇ ಹುಟ್ಟಿ, ಗುಜರಾತಿಯನ್ನು ನಮಗಿಂತ ಚೆನ್ನಾಗಿ ಆಡುವ ನಮ್ಮ ಮಕ್ಕಳು, ಶಾಲೆಯಲ್ಲಿ ಯಾರಾದರೂ ಕೇಳಿದಾಗ ‘ನಾವು ಕನ್ನಡದವರು’ ಎಂದು ಸಮಾಧಾನವಾಗಿ ಹೇಳುವಂತಾಗಲಿ. ಜೊತೆಗೆ, ನಿಮ್ಮ ವಾಣಿಯಾ ಮತ್ತು ನಮ್ಮ ಬಣಜಿಗ ಒಂದೇ ತಾಯಿಯ ಮಕ್ಕಳೆಂಬುದನ್ನೂ ಹೇಳಲಿ.