ಶಿಶುವಿನ ರಕ್ತದಲ್ಲಿ ಸಕ್ಕರೆ ಕುಸಿತ: ಶಸ್ತ್ರಚಿಕಿತ್ಸೆಗೆ ದಾರಿ ತೋರುವ ಪೆಟ್ ಸ್ಕ್ಯಾನ್

ಮುಂಬೈ: ನವಜಾತ ಶಿಶುವಿನ ಮೇದೋಜ್ಜೀರಕ ಗ್ರಂಥಿ ಅಗತ್ಯಕ್ಕಿಂತ ಹೆಚ್ಚು ಇನ್ಸುಲಿನ್ ಸ್ರವಿಸುವ ಅಪರೂಪದ ಕಾಯಿಲೆಯೇ ಜನ್ಮಜಾತ ಹೈಪರ್‌ಇನ್ಸುಲಿನಿಸಂ. ಸುಮಾರು 50,000 ಶಿಶುಗಳಲ್ಲಿ ಒಂದಕ್ಕೆ ಇದು ಬರುತ್ತದೆ. ರಕ್ತಸಂಬಂಧದಲ್ಲೇ ಮದುವೆಯಾಗುವ ಸಮುದಾಯಗಳಲ್ಲಿ ಪ್ರಮಾಣ ಇನ್ನೂ ಹೆಚ್ಚು.

ಮಗು ಹಾಲು ಕುಡಿಯದೆ ಮಂಕಾಗುವುದು, ನಡುಕ, ಫಿಟ್ಸ್ ಇದರ ಲಕ್ಷಣಗಳು. ಸಕ್ಕರೆ ಅಂಶ ಪದೇ ಪದೇ ಕುಸಿದರೆ ಮಿದುಳಿಗೆ ಶಾಶ್ವತ ಹಾನಿಯಾಗಬಹುದು.

ಮೊದಲು ನೀಡುವ ಔಷಧ ಡಯಾಜಾಕ್ಸೈಡ್. ಅದು ಫಲಿಸದಿದ್ದರೆ ದೋಷ ಗ್ರಂಥಿಯ ಒಂದೇ ಜಾಗದಲ್ಲಿದೆಯೇ ಅಥವಾ ಎಲ್ಲೆಡೆ ಹರಡಿದೆಯೇ ಎಂಬುದು ತಿಳಿಯಬೇಕು. ಒಂದೇ ಕಡೆ ಇದ್ದರೆ ಅಷ್ಟನ್ನೇ ತೆಗೆದು ಮಗುವನ್ನು ಗುಣಪಡಿಸಬಹುದು. ಹರಡಿದ್ದರೆ, ಬೇರೆ ಔಷಧಗಳೂ ಫಲಿಸದಾಗ ಶೇ 95ಕ್ಕೂ ಹೆಚ್ಚು ಭಾಗ ತೆಗೆಯಬೇಕಾಗಬಹುದು. ಅಂಥ ಹಲವು ಮಕ್ಕಳಿಗೆ ಮುಂದೆ ಮಧುಮೇಹ ಬರುತ್ತದೆ.

ಅಲ್ಟ್ರಾಸೌಂಡ್, ಸಿಟಿ, ಎಂಆರ್‌ಐಗಳಲ್ಲಿ ಈ ವ್ಯತ್ಯಾಸ ಸಾಮಾನ್ಯವಾಗಿ ಕಾಣುವುದಿಲ್ಲ. ಜೀನ್ ಪರೀಕ್ಷೆ ಸುಳಿವು ನೀಡುತ್ತದೆ; ಜಾಗ ಗುರುತಿಸಲು ನೆರವಾಗುವುದು ಫ್ಲೋರಿನ್-18 ಡೋಪಾ ಪೆಟ್-ಸಿಟಿ. ರಕ್ತನಾಳಕ್ಕೆ ನೀಡಿದ ವಿಕಿರಣಶೀಲ ಡೋಪಾ ದೋಷವಿರುವ ಜಾಗದಲ್ಲಿ ಹೆಚ್ಚಾಗಿ ಸೇರಿಕೊಂಡು ಚಿತ್ರದಲ್ಲಿ ಎದ್ದು ಕಾಣುತ್ತದೆ. ಶಸ್ತ್ರಚಿಕಿತ್ಸಕರಿಗೆ ಅದೇ ನಕ್ಷೆ.

ಫ್ಲೋರಿನ್-18ರ ವಿಕಿರಣ ಸುಮಾರು 110 ನಿಮಿಷಗಳಲ್ಲಿ ಅರ್ಧಕ್ಕಿಳಿಯುತ್ತದೆ. ಹೀಗಾಗಿ ಅದನ್ನು ತಯಾರಿಸುವ ಸೈಕ್ಲೋಟ್ರಾನ್ ಹತ್ತಿರದಲ್ಲಿರಬೇಕು. ದೇಶದ ಮೊದಲ ಪೆಟ್ ಸೌಲಭ್ಯ 2002ರಲ್ಲಿ ಆರಂಭವಾದದ್ದು ಮುಂಬೈನ ಪರೇಲ್‌ನಲ್ಲಿರುವ, ಭಾಭಾ ಅಣು ಸಂಶೋಧನಾ ಕೇಂದ್ರದ ವಿಕಿರಣ ವೈದ್ಯಕೀಯ ಕೇಂದ್ರದಲ್ಲಿ.

ಆದರೆ ಸ್ಕ್ಯಾನ್‌ಗೂ ಮೊದಲ ಹೆಜ್ಜೆ ಸರಳವಾದುದು: ಶಿಶುವಿಗೆ ಫಿಟ್ಸ್ ಬಂದರೆ ತಕ್ಷಣ ರಕ್ತದ ಸಕ್ಕರೆ ಪರೀಕ್ಷಿಸಬೇಕು.