ಇಂಗ್ಲಿಷಿನ ‘ಆಗದು’

ಅನೇಕ ವರ್ಷಗಳ ಹಿಂದಿನ ಮಾತು. ನಮ್ಮ ಸೋದರಮಾವನವರು ಹಳ್ಳಿಯ ಶಾಲೆಯೊಂದರಲ್ಲಿ ಮೇಷ್ಟರಾಗಿದ್ದು ನಿವೃತ್ತರಾದವರು. ತಮ್ಮ ಮೊದಲ ಕೆಲವು ವರ್ಷಗಳ ಸೇವೆಯನ್ನೂ ಪಿಂಚಣಿಯ ಲೆಕ್ಕಕ್ಕೆ ಸೇರಿಸಬೇಕೆಂದು ಒಂದು ಅರ್ಜಿ ಬರೆದುಕೊಂಡಿದ್ದರು. ಕಚೇರಿಯಿಂದ ಇಂಗ್ಲಿಷಿನಲ್ಲಿ ಒಂದೇ ಸಾಲಿನ ಉತ್ತರ ಬಂತು: ನಿಮ್ಮ ಕೋರಿಕೆ ‘ಮೇ ನಾಟ್ ಬಿ ಗ್ರಾಂಟೆಡ್’. ಮಾವನವರು ಕನ್ನಡಕ ಏರಿಸಿ ಎರಡು ಸಲ ಓದಿದರು. “ಕೊಡದೆಯೂ ಹೋಗಬಹುದು ಎಂದಿದ್ದಾರೆ. ಎಂದರೆ ಕೊಡಲೂಬಹುದು ಎಂದಾಯಿತಲ್ಲ!” ಎಂದು ಕಾಗದವನ್ನು ಪೆಟ್ಟಿಗೆಯಲ್ಲಿಟ್ಟು ಕಾದರು. ವರ್ಷ ಕಳೆದ ಮೇಲೆ ವಿಚಾರಿಸಲು ಹೋದಾಗ ಗುಮಾಸ್ತರು, “ಅದು ಆಗಲೇ ತೀರ್ಮಾನವಾಯಿತಲ್ಲ ಯಜಮಾನರೆ. ಕೊಡತಕ್ಕದ್ದಲ್ಲ ಎಂದು ಸ್ಪಷ್ಟವಾಗಿ ಬರೆದಿದೆ. ಮೇಲ್ಮನವಿಯ ಅವಧಿಯೂ ಮುಗಿಯಿತು” ಎಂದರಂತೆ.

ತಪ್ಪು ಯಾರದು? ಬರೆದವರದೂ ಅಲ್ಲ, ಓದಿದವರದೂ ಅಲ್ಲ. ‘ಮೇ ನಾಟ್’ ಎಂಬ ಎರಡು ಮಾತಿನಲ್ಲಿ ಎರಡು ಅರ್ಥವೂ ಉಂಟು. ಅವು ಹೇಗೆ ಒಂದೇ ಮನೆಯಲ್ಲಿ ಬಂದು ಕೂತವು ಎಂಬುದನ್ನು ತಿಳಿಯಬೇಕಾದರೆ ನಾವು ಸಾವಿರ ವರ್ಷ ಹಿಂದಕ್ಕೆ, ಇಂಗ್ಲಿಷ್ ಇನ್ನೂ ಒಂದು ಸಣ್ಣ ದ್ವೀಪದ ರೈತರ, ಸೈನಿಕರ, ಸನ್ಯಾಸಿಗಳ ಭಾಷೆಯಾಗಿದ್ದ ಕಾಲಕ್ಕೆ ಹೋಗಬೇಕು.

ಆ ಹಳೆಯ ಇಂಗ್ಲಿಷಿನಲ್ಲಿ ಶಕ್ತಿಯನ್ನು ಹೇಳುವ ಮುಖ್ಯ ಕ್ರಿಯಾಪದ ಇಂದಿನ ‘ಕ್ಯಾನ್’ ಅಲ್ಲ, ‘ಮೇ’. ಅದರ ಅಂದಿನ ರೂಪ ‘ಮಾಗನ್’; ಬಲವಿರು, ಸಮರ್ಥನಾಗಿರು ಎಂದು ಅರ್ಥ. ತೋಳ್ಬಲಕ್ಕೆ ಇಂದಿಗೂ ಇಂಗ್ಲಿಷಿನಲ್ಲಿ ‘ಮೈಟ್’ ಎನ್ನುತ್ತಾರಲ್ಲ, ಅದು ಇದೇ ಬೇರಿನ ಚಿಗುರು. ‘ಕ್ಯಾನ್’ ಎಂಬುದರ ಪೂರ್ವಜನಾದ ‘ಕುನ್ನನ್’ ಎಂಬ ಮಾತಿಗೆ ಮೊದಲು ಇದ್ದ ಅರ್ಥ ‘ತಿಳಿ’, ‘ಅರಿ’ ಎಂದು. ‘ನೋ’ ಎಂಬ ಇಂಗ್ಲಿಷ್ ಧಾತುವೂ ನಮ್ಮ ಸಂಸ್ಕೃತದ ‘ಜ್ಞಾ’ ಧಾತುವೂ ಅದರ ಜ್ಞಾತಿಗಳೇ. ಒರಟನಿಗೆ ಇಂಗ್ಲಿಷರು ‘ಅನ್‌ಕೂತ್’ ಎನ್ನುತ್ತಾರೆ. ಆ ಮಾತಿನ ಮೂಲಾರ್ಥ ‘ಅರಿಯದ’, ‘ಅಪರಿಚಿತ’ ಎಂದಷ್ಟೆ. ಈಜುವುದನ್ನು ತಿಳಿದವನು ಈಜಲು ಸಮರ್ಥನೂ ಹೌದಲ್ಲವೆ? ಹೀಗೆ ಅರಿವಿನ ಮಾತು ಮೆಲ್ಲಮೆಲ್ಲನೆ ಶಕ್ತಿಯ ಮಾತಾಯಿತು. ಕ್ಯಾನ್ ಮುಂದೆ ಬಂದಂತೆಲ್ಲ ಮೇ ತನ್ನ ಹಳೆಯ ಜಾಗವನ್ನು ಬಿಟ್ಟುಕೊಟ್ಟಿತು. ಅದಕ್ಕೆ ಉಳಿದದ್ದು ಎರಡು ಕೆಲಸ: ಅಪ್ಪಣೆ ಕೊಡುವುದು, ಮತ್ತು ‘ಆದೀತು, ಆಗಲೂಬಹುದು’ ಎಂಬ ಸಂಭವವನ್ನು ಸೂಚಿಸುವುದು. ಇದರ ಜೊತೆಗೆ ‘ನಾಟ್’ ಸೇರಿದಾಗ ಅಪ್ಪಣೆಯಿಲ್ಲ ಎಂದೂ ಆಗಬಹುದು, ಆಗದೆಯೂ ಇದ್ದೀತು ಎಂದೂ ಆಗಬಹುದು. ನಮ್ಮ ಮಾವನವರು ಜಾರಿದ್ದು ಈ ಸಂದಿನಲ್ಲಿ.

ಇನ್ನು ‘ನಾಟ್’ ಎಂಬುದರ ಕಥೆ. ಹಳೆಯ ಇಂಗ್ಲಿಷಿನಲ್ಲಿ ನಿಷೇಧಕ್ಕೆ ಕ್ರಿಯಾಪದದ ಹಿಂದೆ ‘ನೆ’ ಎಂಬ ಒಂದು ಚಿಕ್ಕ ಅಕ್ಷರವಿದ್ದರೆ ಸಾಕಾಗಿತ್ತು. ‘ವಿಲ್’ ಎಂಬುದಕ್ಕೆ ಅದು ಅಂಟಿ ‘ನಿಲ್’ ಎಂಬ ಮಾತೂ ಹುಟ್ಟಿತ್ತು. ಇಷ್ಟವಿರಲಿ ಬಿಡಲಿ ಎಂಬ ಅರ್ಥದ ‘ವಿಲ್ಲಿ ನಿಲ್ಲಿ’ಯಲ್ಲಿ ಅದು ಇಂದಿಗೂ ಅಡಗಿದೆ. ಆದರೆ ‘ನೆ’ ಎಂಬ ಅಕ್ಷರ ಬಲು ಕ್ಷೀಣ. ಬೇಗ ಆಡಿದರೆ ಕಿವಿಗೆ ಬೀಳುವುದೇ ಇಲ್ಲ. ಅದಕ್ಕೆ ಊರುಗೋಲಾಗಿ ವಾಕ್ಯದಲ್ಲಿ ‘ನಾವಿಹ್ತ್’, ಎಂದರೆ ‘ಏನೊಂದೂ ಇಲ್ಲ’ ಎಂಬ ಮಾತನ್ನೂ ಸೇರಿಸತೊಡಗಿದರು. ಇದು ಸವೆದು ‘ನಾಟ್’ ಆಯಿತು. ಕೆಲಕಾಲ ಮುಂದೊಂದು ಹಿಂದೊಂದು ಎರಡೂ ನಿಷೇಧಗಳು ಜೊತೆಯಾಗಿ ನಡೆದವು. ಕೊನೆಗೆ ಊರುಗೋಲೇ ಉಳಿದು ಕಾಲು ಮಾಯವಾಯಿತು! ಭಾಷೆಗಳಲ್ಲಿ ನಿಷೇಧ ಹೀಗೆ ಸವೆದು ಮತ್ತೆ ಬಲಗೊಳ್ಳುವ ಈ ಚಕ್ರವನ್ನು ಡೆನ್ಮಾರ್ಕಿನ ವಿದ್ವಾಂಸ ಆಟೊ ಯೆಸ್ಪರ್ಸನ್ ೧೯೧೭ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿವರಿಸಿದನು. ಇಂದಿಗೂ ಅದಕ್ಕೆ ಅವನ ಹೆಸರೇ ನಿಂತಿದೆ.

ಷೇಕ್ಸ್‌ಪಿಯರನ ಕಾಲಕ್ಕೆ (೧೫೬೪–೧೬೧೬) ಮತ್ತೊಂದು ಬದಲಾವಣೆ ಅರ್ಧ ದಾರಿಗೆ ಬಂದಿತ್ತು. ಸಾಮಾನ್ಯ ಕ್ರಿಯಾಪದಗಳ ನಿಷೇಧಕ್ಕೆ ‘ಡು’ ಎಂಬ ದಲ್ಲಾಳಿ ನಡುವೆ ನುಗ್ಗುತ್ತಿದ್ದ. ‘ಐ ನೋ ನಾಟ್’ ಎಂಬುದರ ಪಕ್ಕದಲ್ಲಿ ‘ಐ ಡು ನಾಟ್ ನೋ’ ಎಂಬುದೂ ಕೇಳಿಬರುತ್ತಿತ್ತು. ಕ್ಯಾನ್, ಮೇ, ಮಸ್ಟ್, ವಿಲ್, ಶಲ್ ಮೊದಲಾದ ಸಹಾಯಕ ಕ್ರಿಯಾಪದಗಳು ಮಾತ್ರ ಈ ದಲ್ಲಾಳಿಯನ್ನು ಬಾಗಿಲೊಳಕ್ಕೆ ಬಿಡಲಿಲ್ಲ. ಅವು ಇಂದಿಗೂ ‘ನಾಟ್’ ಎಂಬುದನ್ನು ನೇರವಾಗಿಯೇ ಮೈಗೆ ಹಚ್ಚಿಕೊಳ್ಳುತ್ತವೆ. ಅವುಗಳಲ್ಲಿಯೂ ‘ಕ್ಯಾನಾಟ್’ ಒಂದೇ ಬಿಡಿಸದೆ ಕೂಡಿಸಿ ಬರೆಯುವ ಮಾತಾಗಿ ನಿಂತಿದೆ. ಅಸಾಧ್ಯವೆಂಬುದು ಅಷ್ಟು ಗಟ್ಟಿಯಾದ ಗಂಟು!

ಹದಿನೇಳನೆಯ ಶತಮಾನದಲ್ಲಿ ಈ ಗಂಟು ಇನ್ನೂ ಬಿಗಿದು ‘ಕಾಂಟ್’ ಎಂಬ ಮೊಟಕು ರೂಪ ಬರವಣಿಗೆಗೂ ಇಳಿಯಿತು. ಪಂಡಿತರು ಸುಮ್ಮನಿರುವರೆ? ಸ್ವಿಫ್ಟ್ ಮಹಾಶಯನು ೧೭೧೦ರಲ್ಲಿ ‘ಟ್ಯಾಟ್ಲರ್’ ಪತ್ರಿಕೆಯಲ್ಲಿ ಇಂಥ ಮೊಟಕು ಮಾತುಗಳನ್ನು ತುಂಬಿದ ಒಂದು ಅಣಕು ಪತ್ರವನ್ನೇ ಬರೆದು ಗೇಲಿಮಾಡಿದನು. ಮರುವರ್ಷ ಅಡಿಸನ್ ‘ಸ್ಪೆಕ್ಟೇಟರ್’ ಪತ್ರಿಕೆಯಲ್ಲಿ ಮೇಂಟ್, ಕಾಂಟ್, ಶಾಂಟ್, ವೋಂಟ್ ಎಂದು ಹೆಸರಿಟ್ಟು ದೂರಿದನು. ಜನ ಪಂಡಿತರ ದೂರನ್ನು ಓದಿ ಸಂತೋಷಪಟ್ಟು, ಹಾಗೆಯೇ ಮಾತನಾಡುತ್ತ ಹೋದರು. ಇಬ್ಬರು ಪಂಡಿತರೂ ಹೋದರು, ಕಾಂಟ್ ಉಳಿಯಿತು.

ಆದರೆ ಇದು ಬರಿಯ ವ್ಯಾಕರಣದ ವಿನೋದವಲ್ಲ. ಒಂದು ‘ಆಗದು’ ಯಾವ ಬಗೆಯ ಆಗದು ಎಂಬ ಪ್ರಶ್ನೆಯ ಮೇಲೆ ರಾಜ್ಯಗಳೇ ಅಲುಗಿವೆ. ‘ದ ಕಿಂಗ್ ಕ್ಯಾನ್ ಡೂ ನೋ ರಾಂಗ್’ ಎಂಬುದು ಇಂಗ್ಲೆಂಡಿನ ಹಳೆಯ ನ್ಯಾಯಸೂತ್ರ. ಅರಸನು ತಪ್ಪು ಮಾಡಲಾರ ಎಂದು ಇದರ ಅರ್ಥ. ಆದರೆ ‘ಮಾಡಲಾರ’ ಎಂದರೇನು? ಅವನು ಮಾಡಿದ್ದೆಲ್ಲ ಸರಿ ಎಂದೆ? ಅಥವಾ ತಪ್ಪು ಮಾಡುವ ಅಧಿಕಾರವೇ ಅವನಿಗಿಲ್ಲ ಎಂದೆ? ೧೬೪೯ರ ಜನವರಿಯಲ್ಲಿ ಒಂದನೆಯ ಚಾರ್ಲ್ಸ್ ದೊರೆಯನ್ನು ವಿಚಾರಣೆಗೆ ನಿಲ್ಲಿಸಿದಾಗ, ತನ್ನನ್ನು ವಿಚಾರಿಸುವ ಹಕ್ಕು ಆ ನ್ಯಾಯಸ್ಥಾನಕ್ಕಿಲ್ಲವೆಂಬುದಕ್ಕೆ ಅವನು ಬರೆದ ಕಾರಣಗಳಲ್ಲಿ ಈ ಸೂತ್ರವೂ ಒಂದು. ವಾದ ನಿಲ್ಲಲಿಲ್ಲ, ಅದೇ ತಿಂಗಳ ೩೦ರಂದು ಅವನ ಶಿರಚ್ಛೇದವಾಯಿತು. ನೂರು ವರ್ಷಗಳಿಗೂ ಮೇಲೆ, ೧೭೬೫ರಿಂದ ೧೭೬೯ರವರೆಗೆ ಪ್ರಕಟವಾದ ತನ್ನ ಮಹಾಗ್ರಂಥದಲ್ಲಿ ಬ್ಲಾಕ್‌ಸ್ಟನ್, ಪ್ರಜೆಗೆ ಅನ್ಯಾಯ ಮಾಡುವಷ್ಟು ದೂರ ಅರಸನ ವಿಶೇಷಾಧಿಕಾರ ಚಾಚುವುದಿಲ್ಲ ಎಂದೂ ಈ ಸೂತ್ರವನ್ನು ಬಿಡಿಸಿದನು. ಆದರೂ ಸರ್ಕಾರದ ನೌಕರನ ಅಜಾಗ್ರತೆಯಿಂದ ನೊಂದವನು ಸರ್ಕಾರದ ಮೇಲೆಯೇ ಪರಿಹಾರದ ದಾವೆ ಹೂಡಲು ಬ್ರಿಟನ್ನಿನಲ್ಲಿ ಈ ಸೂತ್ರ ಅಡ್ಡ ನಿಂತೇ ಇತ್ತು. ೧೯೪೭ರ ಶಾಸನವೊಂದು ಆ ಅಡ್ಡಿಯನ್ನು ಬಹುಮಟ್ಟಿಗೆ ತೆಗೆಯಿತು. ನಮ್ಮ ದೇಶದಲ್ಲಿ ೧೯೬೨ರಲ್ಲಿ, ಸರ್ಕಾರಿ ಜೀಪಿಗೆ ಸಿಕ್ಕಿ ಸತ್ತ ಒಬ್ಬ ದಾರಿಹೋಕನ ಪ್ರಕರಣದಲ್ಲಿ, ಚಾಲಕನ ತಪ್ಪಿಗೆ ರಾಜಸ್ಥಾನ ಸರ್ಕಾರವೂ ಹೊಣೆಯೆಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು. ಒಂದು ಚಿಕ್ಕ ಕ್ರಿಯಾಪದದ ಅರ್ಥ ಇತ್ಯರ್ಥವಾಗುವುದಕ್ಕೆ ಎಷ್ಟು ಕಾಲ, ಎಷ್ಟು ಕಣ್ಣೀರು!

ಕ್ಯಾನಾಟ್ ಎಂಬುದಕ್ಕೆ ಮತ್ತೊಂದು ಮುಖವೂ ಉಂಟು. ನಮ್ಮ ಹುಡುಗರು ಪರೀಕ್ಷೆಯಲ್ಲಿ ಎಡವುವುದು ಇಲ್ಲಿ. ದೀಪ ಉರಿಯುತ್ತಿದೆ, ಆದ್ದರಿಂದ ಅವರು ಮನೆಯಲ್ಲಿರಲೇಬೇಕು ಎಂದು ಊಹಿಸುವಾಗ ಇಂಗ್ಲಿಷಿನಲ್ಲಿ ‘ಮಸ್ಟ್ ಬಿ’ ಎನ್ನುತ್ತೇವೆ. ಬಾಗಿಲಿಗೆ ಬೀಗ ಬಿದ್ದಿದೆ, ಆದ್ದರಿಂದ ಅವರು ಮನೆಯಲ್ಲಿರಲಾರರು ಎನ್ನುವುದಕ್ಕೆ ಹುಡುಗರು ‘ಮಸ್ಟ್ ನಾಟ್ ಬಿ’ ಎಂದು ಬರೆದುಬಿಡುತ್ತಾರೆ. ಅದು ಅವರು ಮನೆಯಲ್ಲಿರಕೂಡದು ಎಂಬ ಕಟ್ಟಪ್ಪಣೆಯಾಗಿ ಕೇಳಿಸುತ್ತದೆ! ಅಲ್ಲಿ ಬರಬೇಕಾದದ್ದು ‘ಕಾಂಟ್ ಬಿ’. ತೋಳಿನ ಅಶಕ್ತಿಯನ್ನು ಹೇಳುತ್ತಿದ್ದ ಮಾತೇ ತರ್ಕದ ಅಸಾಧ್ಯವನ್ನೂ ಹೇಳಲು ಬೆಳೆದಿದೆ.

ಇದನ್ನೆಲ್ಲ ಪರಭಾಷೆಯ ಸೋಜಿಗವೆಂದು ನಾವು ದೂರ ನಿಂತು ನೋಡಬೇಕಾಗಿಲ್ಲ. ‘ಈಜಬಲ್ಲೆ’ ಎಂಬಲ್ಲಿನ ‘ಬಲ್ಲೆ’ ಏನು? ‘ಬಲ್ಲವರು’ ಎಂದರೆ ತಿಳಿದವರು. ಇಂಗ್ಲಿಷಿನ ನಂಟು ಯಾವುದೂ ಇಲ್ಲದೆಯೇ ಕನ್ನಡವೂ ಅರಿವಿನ ಮಾತನ್ನು ಶಕ್ತಿಯ ಮಾತಾಗಿ ಮಾಡಿಕೊಂಡಿತು. ‘ಈಜಲಾರೆ’ ಎಂಬಲ್ಲಿ ಇರುವುದು ಹಳಗನ್ನಡದ ‘ಆರ್’ ಧಾತು. ಸಮರ್ಥನಾಗು ಎಂದು ಅದರ ಅರ್ಥ. ‘ಆರ್ಪು’ ಎಂದರೆ ಸಾಮರ್ಥ್ಯ. ಇಂದು ಆ ಧಾತುವಿನ ‘ಹೌದು’ ಮರೆಯಾಗಿ ‘ಅಲ್ಲ’ ಮಾತ್ರ ಉಳಿದಿದೆ. ‘ಅವನು ಅಂಥವನಾಗಿರಲಾರ’ ಎನ್ನುವಾಗ ನಾವೂ ಅಶಕ್ತಿಯ ಮಾತಿನಿಂದ ತರ್ಕದ ಅಸಾಧ್ಯವನ್ನೇ ಹೇಳುತ್ತೇವೆ. ಆದರೆ ನಮ್ಮಲ್ಲಿ ಒಂದು ಅನುಕೂಲವುಂಟು. ತಡೆಯುವುದಕ್ಕೆ ‘ಕೂಡದು’, ‘ಬಾರದು’, ಕೈಲಾಗದ್ದಕ್ಕೆ ‘ಆರೆ’, ಸಂದೇಹಕ್ಕೆ ‘ಆಗದೆಯೂ ಇರಬಹುದು’. ಒಂದೊಂದು ಬಾಗಿಲಿಗೆ ಒಂದೊಂದು ಬೀಗ.

ಆ ಕಚೇರಿಯವರು ಮಾವನವರಿಗೆ ಕನ್ನಡದಲ್ಲಿ ‘ಕೊಡಲಾಗುವುದಿಲ್ಲ’ ಎಂದು ಬರೆದಿದ್ದರೆ ಅವರಿಗೆ ಅಂದೇ ದುಃಖವಾಗುತ್ತಿತ್ತು. ಆದರೆ ಮರುದಿನವೇ ಮೇಲ್ಮನವಿಯನ್ನೂ ಬರೆಯುತ್ತಿದ್ದರು. ಇಲ್ಲ ಎನ್ನುವವನು ಯಾವ ಭಾಷೆಯಲ್ಲಾದರೂ ಎನ್ನಲಿ. ಶಕ್ತಿಯಿಲ್ಲವೆಂದೋ, ಅಪ್ಪಣೆಯಿಲ್ಲವೆಂದೋ, ಇನ್ನೂ ತಿಳಿಯದೆಂದೋ ಬಿಡಿಸಿ ಹೇಳುವುದು ಕೇಳುವವನಿಗೆ ಸಲ್ಲಬೇಕಾದ ಋಣ. ಮಾವನವರು ಆ ಕಾಗದವನ್ನು ಕೊನೆಯವರೆಗೂ ಪೆಟ್ಟಿಗೆಯಿಂದ ತೆಗೆಯಲಿಲ್ಲ.